ಬಾಗಿಲು ಮುಟ್ಟಿ ನೋಡುವವನು

ಮೊದಲ ಸಲ ನೋಡಿದಾಗ ಅವನನ್ನು ಅವಳು ಬಡಗಿ ಎಂದುಕೊಂಡಳು. ಸಮಾಲೋಚನೆಯ ಕೋಣೆಯ ಮುಂದೆ ನಿಂತು, ಕೈಯ ಹಿಂಬದಿಯಿಂದ ಬಾಗಿಲನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ಸವರುತ್ತಿದ್ದ.

"ಹಲಗೆ ಚೆನ್ನಾಗೇ ಇದೆ. ಕಿರುಗುಟ್ಟೋದು ಕೀಲು, ಅದನ್ನ ನೋಡಿ," ಎಂದಳು.

ಅವನು ತಿರುಗಿದ. ನಿದ್ದೆ ಕಂಡು ಎಷ್ಟೋ ದಿನವಾದ ಕಣ್ಣುಗಳು. "ಸರಿ, ನೋಡ್ತೀನಿ," ಎಂದವನೇ ಕೀಲನ್ನೂ ಮುಟ್ಟಿ ಹೊರಟುಹೋದ.

ಮುಂದಿನ ವಾರ ಎಣ್ಣೆಯ ಡಬ್ಬಿ ತಂದು ಕೀಲಿಗೆ ಬಿಟ್ಟ. ಒಳಗೆ ಮಾತ್ರ ಬರಲಿಲ್ಲ. ಅವನ ಬೂಟು ಕಂಡಾಗಲೇ ಅವಳಿಗೆ ಹೊಳೆದದ್ದು, ಇವನು ಬಡಗಿಯಲ್ಲ ಎಂದು. ಆಂಬುಲೆನ್ಸ್ ನರ್ಸ್ ಆಗಿ ಹೊಗೆ ತುಂಬಿದ ಮನೆಗಳ ಮುಂದೆ ಸ್ಟ್ರೆಚರ್ ಹಿಡಿದು ನಿಂತವಳು ಅವಳು. ಆಚೆ ಬೆಂಕಿ ಇದೆಯೇ ಎಂದು ಅಗ್ನಿಶಾಮಕ ದಳದವರು ಹೀಗೆಯೇ ಬಾಗಿಲು ಮುಟ್ಟಿ ನೋಡುತ್ತಾರೆ.

ಆ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುವವರೆಲ್ಲ ಅಂಥವರೇ. ಅಪಘಾತವಾದಲ್ಲಿಗೆ, ಬೆಂಕಿ ಬಿದ್ದಲ್ಲಿಗೆ ಎಲ್ಲರಿಗಿಂತ ಮೊದಲು ಓಡಿಹೋಗಿ, ಮನೆಗೆ ಬಂದ ಮೇಲೂ ಮನಸ್ಸಿನಲ್ಲಿ ಅಲ್ಲೇ ಉಳಿದುಬಿಟ್ಟವರು. ಅವಳದೂ ಅದೇ ಪಾಡು. ಯಾರ ಕೈ ಹಿಡಿದರೂ ಎರಡು ಬೆರಳು ತಾವಾಗಿಯೇ ನಾಡಿಗೆ ಹೋಗುತ್ತಿದ್ದವು. ಅಕ್ಕ ರೇಗುತ್ತಿದ್ದಳು, "ನಾನಿನ್ನೂ ಬದುಕಿದ್ದೀನಿ ಕಣೇ, ಬಿಡು ಕೈನ."

ಸಮಾಲೋಚಕಿ ಮೇಡಂ ಪ್ರತಿ ವಾರ ಬಾಗಿಲ ಬಳಿ ಒಂದು ಕುರ್ಚಿಯನ್ನು ಖಾಲಿ ಬಿಡುತ್ತಿದ್ದರು. ಯಾರಿಗೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಅವಳು ಹೊರಬರುವ ಹೊತ್ತಿಗೆ ಅವನು ಬೆಂಚಿನ ಮೇಲೆ ಚಹಾ ಹಿಡಿದು ಕಾದಿರುತ್ತಿದ್ದ. ಆರದಿರಲಿ ಎಂದು ಲೋಟದ ಮೇಲೆ ಅಂಗೈ ಮುಚ್ಚಿಕೊಂಡು.

"ಏನು ಬಡಗಿಯವರೇ, ಇವತ್ತೂ ಹೊರಗೇನಾ?"

"ಕೀಲು ಸರಿಹೋಯ್ತಲ್ಲ, ಸಿಸ್ಟರ್."

"ಡ್ಯೂಟಿ ಮುಗಿದಿದೆ. ಸಿಸ್ಟರ್ ಅನ್ಬೇಡಿ."

"ಮತ್ತೇನನ್ಲಿ?"

"ಯೋಚನೆ ಮಾಡಿ. ಅವಸರವೇನಿಲ್ಲ."

ಅವನ ತುಟಿಯ ಅಂಚು ಸ್ವಲ್ಪ ಸಡಿಲವಾಗುತ್ತಿತ್ತು. ದಣಿದ ದಿನಗಳಲ್ಲಿ ಅಷ್ಟನ್ನೇ ನೋಡಲೆಂದು ಅವಳು ಬರುತ್ತಿದ್ದಳು.

ಒಂದು ಸಂಜೆ ಅವನು ಅವಳಿಗಿಂತ ಮೊದಲೇ ಬಂದಿದ್ದ. ಕೈಯಲ್ಲಿ ಚಹಾ ಇರಲಿಲ್ಲ.

"ಕೆಲಸ ಬಿಡ್ತಾ ಇದ್ದೀನಿ. ಅಣ್ಣನ ಊರಿಗೆ ಹೋಗಿ ಅವನ ಅಂಗಡೀಲಿ ಕೂತ್ಕೋತೀನಿ. ನಿಮಗೆ ಹೇಳಿ ಹೋಗೋಣ ಅಂತ ಬಂದೆ."

ಅವಳು ಬ್ಯಾಗನ್ನು ಮಡಿಲಿಗೆಳೆದುಕೊಂಡು ಕೂತಳು.

"ಮೊನ್ನೆ ಒಂದು ಮನೆ ಬಾಗಿಲಿಗೆ ಕೈಯಿಟ್ಟವನು ಹಾಗೇ ನಿಂತುಬಿಟ್ಟೆ. ಹಿಂದಿದ್ದವರು ನನ್ನ ಪಕ್ಕಕ್ಕೆ ಸರಿಸಿ ಒಳಗೆ ಹೋದ್ರು." ಅವನು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. "ಹೋದ ವರ್ಷ ಒಂದು ಬಾಗಿಲು ಸುಡ್ತಿತ್ತು. ಸುಡೋ ಬಾಗಿಲು ತೆಗೀಬಾರದು. ತೆಗೀಲಿಲ್ಲ. ಆಚೆ ಒಬ್ರಿದ್ರು."

ಬೆಳಗಿನಿಂದ ಎಷ್ಟೋ ಮಣಿಕಟ್ಟು ಹಿಡಿದು ಬಂದಿದ್ದ ಅವಳಲ್ಲಿ ದೊಡ್ಡ ಮಾತುಗಳಿರಲಿಲ್ಲ.

"ನಿಮ್ಮ ತಪ್ಪಲ್ಲ ಅಂತ ನಾನು ಹೇಳಲ್ಲ."

"ಬೇಡ. ಕೇಳಿ ಕೇಳಿ ಸಾಕಾಗಿದೆ."

"ಒಳಗೂ ಯಾರೂ ಹಾಗನ್ನಲ್ಲ. ಸುಮ್ನೆ ಕೇಳಿಸ್ಕೋತಾರೆ. ಹೋಗೋದಿದ್ರೆ ನಾಳೆ ಹೋಗಿ. ಇವತ್ತೊಂದಿನ ಬನ್ನಿ."

ಅವನು ಎದ್ದ. ಬಾಗಿಲ ಮುಂದೆ ಹೋಗಿ ಕೈಯೆತ್ತಿದ. ಕೈ ಹಲಗೆಗೆ ತಾಗುವ ಮೊದಲೇ ನಿಂತಿತು.

"ಬಿಸಿ ಇದೆ ಅನ್ಸುತ್ತೆ."

"ಇದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಪ್ರತಿ ವಾರ ಒಳಗೆ ಹೋಗಿ ಬರೋಳು. ಬಾಗಿಲು ಬಿಡಿ, ನನ್ನ ಮುಟ್ಟಿ ನೋಡಿ."

ಅವನು ಅವಳ ಕಡೆ ತಿರುಗಿದ. ಆಮೇಲೆ ಬೆರಳುಗಳ ಹಿಂಬದಿಯನ್ನು ಅವಳ ಕೆನ್ನೆಗೆ ತಾಗಿಸಿದ.

"ಸುಟ್ಟುಹೋಗಿದ್ದೀನಾ?"

"ಇಲ್ಲ," ಎಂದ. "ಬೆಚ್ಚಗಿದ್ದೀರಿ."

"ಊರಿಗೆ ಹೋಗ್ಬೇಡಿ. ನೀವಿಲ್ದೆ ಆ ಬೆಂಚಲ್ಲಿ ನನಗೆ ಕೂರಕ್ಕಾಗಲ್ಲ."

ಅವನು ಕೈಯನ್ನು ಸರಿಸಲಿಲ್ಲ. ಆ ಕೈಯನ್ನು ಹಿಡಿದುಕೊಂಡೇ ಅವಳು ಬಾಗಿಲು ತಳ್ಳಿದಳು. ಕೀಲು ಸದ್ದು ಮಾಡಲಿಲ್ಲ. ಮೇಡಂ ತಲೆಯೆತ್ತಿದರು, ಖಾಲಿ ಕುರ್ಚಿಯ ಪಕ್ಕಕ್ಕೆ ಇನ್ನೊಂದನ್ನು ಎಳೆದಿಟ್ಟರು.

ಕೂತಾಗ ಅವಳ ಎರಡು ಬೆರಳು ಅಭ್ಯಾಸದಂತೆ ಅವನ ನಾಡಿಯ ಮೇಲಿದ್ದವು.

"ಎಷ್ಟಿದೆ?" ಎಂದ, ಅವಳಿಗಷ್ಟೇ ಕೇಳುವಂತೆ.

"ಎಣಿಕೆ ತಪ್ಪಿಹೋಯ್ತು."

"ಮತ್ತೆ ಎಣಿಸ್ತೀರಾ?"

"ಇಲ್ಲ," ಎಂದಳು. ಕೈ ಮಾತ್ರ ಬಿಡಲಿಲ್ಲ.