ಮೆನುವಿನ ಕೆಳಗೆ ಮುಚ್ಚಿಹೋದ ಹೆಸರು

“ಈ ಪೇಜ್ ಮಾಡಿದವರು ಯಾರು?”

ಬೀದರ ನಗರದ ನೌಬಾದಿನ ಆ ಸಣ್ಣ ವೆಬ್‌ಸೈಟ್ ಆಫೀಸಿನೊಳಗೆ ಕಾಲಿಡುವ ಮೊದಲೇ ಅವನು ಕೇಳಿದ್ದ. ಎಣ್ಣೆ ಮೆತ್ತಿದ ಬೆರಳುಗಳಲ್ಲಿ ಗಾಜು ಸೀಳಿದ ಸಣ್ಣ ಫೋನು. ಅವನ ಬೆನ್ನಹಿಂದೆ ಹದಿನೆಂಟರ ಹುಡುಗಿಯೊಬ್ಬಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

ಮಾಲಕ ಸಂಜುಕುಮಾರ ಕುರ್ಚಿಯಿಂದ ಏಳಲಿಲ್ಲ. ಬೆರಳು ಮಾತ್ರ ಎತ್ತಿ ಮೂಲೆಯತ್ತ ತೋರಿಸಿದ.

ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದವಳು ಸುಮನ. ದಿನಾ ಮೆಹಕರದಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಕ್ಕೆ ಎರಡು ಬಸ್ಸು ಬದಲಿಸಿ ಬಂದು ಕೆಲಸ ಮಾಡುವವಳು. ಊರಿನಲ್ಲಿ ಅವಳ ಅಪ್ಪ ಕಾಶೀರಾಮ, “ನಮ್ಮ ಮಗಳು ಕಂಪ್ಯೂಟರಿನಾಗ ಕಾಲೇಜು ಕಟ್ಟತಾಳ” ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಒಳಬಂದವನು ಫೋನನ್ನು ಅವಳ ಕೀಬೋರ್ಡಿನ ಮೇಲೆಯೇ ಇಟ್ಟ. ನರ್ಸಿಂಗ್ ಕಾಲೇಜೊಂದಕ್ಕೆ ಅವಳೇ ಮಾಡಿಕೊಟ್ಟ ಪೇಜು. ಆಯ್ಕೆಯಾದವರ ಪಟ್ಟಿ.

“ಮೊದಲನೇ ಹೆಸರು ಯಾರದದ, ಓದ್ರಿ.”

“ಸಪನಾ...” ಎಂದಳು ಸುಮನ.

“ಅದರ ಮ್ಯಾಲಿಂದು?”

ಸುಮನ ಪೇಜನ್ನು ಬೆರಳಿನಿಂದ ಕೆಳಕ್ಕೆ ಎಳೆದಳು. ಅದು ಒಮ್ಮೆ ಜಗ್ಗಿ, ಬಿಟ್ಟೊಡನೆ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಮೇಲೆ ನೀಲಿ ಮೆನು. ಅದರ ಕೆಳಗೇ ಸಪನಾ.

ಇಪ್ಪತ್ತು ಹೆಸರು ಟೈಪ್ ಮಾಡಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಎಣಿಸಿದಳು. ಹತ್ತೊಂಬತ್ತು.

“ಗುಡಿಯಾ ಗೋರಖನಾಥ,” ಅವನ ದನಿ ಏರಲೇ ಇಲ್ಲ. “ನನ್ನ ತಂಗಿ. ಎಲ್ಲಾರಗಿಂತ ಹೆಚ್ಚು ನಂಬರ್ ಅಕೀದೇ. ಮೂರು ದಿವಸ ಇದೇ ಫೋನಿನಾಗ ಹುಡುಕೀವಿ. ಹೆಸರಿಲ್ಲಂತ ಸುಮ್ಮ ಕುಂತೀವಿ. ಸೇರೋ ತಾರೀಖು ದಾಟಿ ಹೋತು. ಇವತ್ತ ಟಿ.ಸಿ. ವಾಪಸ್ ಬೇಡಲಿಕ್ಕಿ ಹೋದ್ರ ಕಾಲೇಜಿನ ಬೋರ್ಡಿನ ಮ್ಯಾಲ ಮೊದಲನೇ ಹೆಸರೇ ಇಕೀದು.”

ಸುಮನ ಪಟ್ಟಿಯನ್ನು ಇನ್ನೊಮ್ಮೆ ಎಣಿಸಿದಳು.

“ಇದು ಮಾಡೋದಕ್ಕಿಂತ ಮನ್ಯಾಗ ಕುಂತು ಬ್ಯಾಳಿ ಹಸನ ಮಾಡ್ರಿ ಮೇಡಂ. ಬ್ಯಾಳ್ಯಾಗಿನ ಕಲ್ಲು ಹಳ್ಳರೆ ಕಣ್ಣಿಗಿ ಕಾಣಸ್ತಾವ.”

ತನ್ನ ಹೆಸರು ನಾಗಸೇನ, ಔರಾದದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಇದೆ, ನಾಳೆ ಕಾಲೇಜಿನವರಿಗೆ ಇದನ್ನೆಲ್ಲ ತೋರಿಸುತ್ತೇನೆ ಎಂದು ಮಾಲಕನಿಗೆ ಹೇಳಿ ಅವನು ತಿರುಗಿದ. ಮೆಟ್ಟಿಲಲ್ಲಿ ಹುಡುಗಿಯ ಚಪ್ಪಲಿ ಕಳಚಿ ಬಿತ್ತು. ಅವನು ಬಾಗಿ, ತನ್ನ ಕೈಯಿಂದಲೇ ಅದನ್ನು ಅವಳ ಕಾಲಿಗೆ ತೊಡಿಸಿದ.

ಅಷ್ಟು ಕಟುವಾಗಿ ಮಾತಾಡಿದವನ ಕೈ ಅಷ್ಟು ಮೆತ್ತಗೆ...

ಸುಮನ ಅದನ್ನು ನೋಡಿದಳು. ನೋಡಬಾರದಿತ್ತು.

*

ತಪ್ಪು ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಆ ಮೆನುವಿಗೆ ಅವಳು ‘ಫಿಕ್ಸ್ಡ್’ ಎಂದು ಬರೆದಿದ್ದಳು. ಪೇಜು ಎಷ್ಟು ಸರಿದರೂ ಮೆನು ಮೇಲೆಯೇ ಅಂಟಿಕೊಂಡು ನಿಲ್ಲುತ್ತದೆ. ಆದರೆ ಅಂಥ ಮೆನು ತನಗೆಂದು ಜಾಗ ಹಿಡಿಯುವುದಿಲ್ಲ. ಪೇಜಿನ ಮೇಲೆ ತೇಲುತ್ತದೆ. ಅದರಡಿ ಏನೂ ಮುಚ್ಚಿಹೋಗದಿರಲೆಂದು ಪಟ್ಟಿಯ ಮೇಲೆ ಅರವತ್ತು ಪಿಕ್ಸೆಲ್ ಜಾಗ ಖಾಲಿ ಬಿಟ್ಟಿದ್ದಳು. ಇಂಗ್ಲಿಷ್ ಮೆನುವಿಗೆ ಅದು ಸಾಕಿತ್ತು. ಕೊನೆಯ ದಿನ ಕಾಲೇಜಿನವರು ಮೆನು ಕನ್ನಡದಲ್ಲೇ ಇರಲಿ ಎಂದರು. ‘ದಾಖಲಾತಿ ಮಾಹಿತಿ’, ‘ವಿದ್ಯಾರ್ಥಿನಿಲಯ’ ಎಂಬ ಉದ್ದುದ್ದ ಪದಗಳು ಆಫೀಸಿನ ದೊಡ್ಡ ಪರದೆಯಲ್ಲಿ ಒಂದೇ ಸಾಲಿನಲ್ಲಿ ಕೂತವು. ಸಣ್ಣ ಫೋನಿನಲ್ಲಿ ಎರಡು ಸಾಲಾದವು. ಮೆನು ದಪ್ಪಗಾಗಿ ಮೊದಲ ಹೆಸರಿನ ಮೇಲೆ ಕೂತುಬಿಟ್ಟಿತು.

ಅವಳು ಸಣ್ಣ ಫೋನಿನಲ್ಲಿ ನೋಡಿರಲೇ ಇಲ್ಲ.

‘ಫಿಕ್ಸ್ಡ್’ ಅಳಿಸಿ ‘ಸ್ಟಿಕಿ’ ಎಂದು ಬರೆದಳು. ಈಗ ಮೆನು ಮೇಲೆಯೂ ನಿಲ್ಲುತ್ತದೆ, ತನ್ನ ಜಾಗವನ್ನೂ ತಾನೇ ಹಿಡಿಯುತ್ತದೆ. ಖಾಲಿ ಬಿಟ್ಟಿದ್ದ ಅರವತ್ತನ್ನೂ ತೆಗೆದಳು. ಗುಡಿಯಾ ಗೋರಖನಾಥ ಎಂಬ ಹೆಸರು ಮೆನುವಿನ ಕೆಳಗೆ ನಿಚ್ಚಳವಾಗಿ ಮೂಡಿತು.

ಒಂದು ಹುಡುಗಿಯ ಸೀಟು ಒಂದೇ ಪದದ ಕೆಳಗೆ ಸಿಕ್ಕಿಹಾಕಿಕೊಂಡಿತ್ತು!

ಹಳೆಯ ಕಡತವನ್ನು ಅಳಿಸದೆ ಪಕ್ಕಕ್ಕಿಡುವುದು ಸುಮನಳ ರೂಢಿ. ಅಂದೂ ಇಟ್ಟಳು. ಸಂಜುಕುಮಾರ ಬಂದು ನೋಡಿ, ಸರಿಯಾಯಿತಲ್ಲ, ಇನ್ನು ಈ ಮಾತು ಆಫೀಸಿನ ಬಾಗಿಲು ದಾಟಬಾರದು ಎಂದ.

ಅವಳು ತಲೆಯಾಡಿಸಿದಳು.

*

ಮರುದಿನ ಮಧ್ಯಾಹ್ನ ನಾಗಸೇನ ಮತ್ತೆ ಬಂದ. ಈ ಸಲ ಒಬ್ಬನೇ.

ಕಾಲೇಜಿನ ಕ್ಲರ್ಕ್ ಕಲೀಮ ಸಾಹೇಬರ ಮುಂದೆ ಫೋನು ಹಿಡಿದಿದ್ದನಂತೆ. ಪೇಜು ತೆರೆದರೆ ಎಲ್ಲಕ್ಕಿಂತ ಮೇಲೆ ತಂಗಿಯದೇ ಹೆಸರು! ಹಿಂದಿನ ದಿನದ ಫೋಟೊ ಹಿಡಿದಿಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಓದಲಿಕ್ಕೆ ಬರದಿದ್ದರೆ ಓದಿದವರನ್ನು ಕರೆತರಬೇಕಿತ್ತು ಎಂದು ಕಲೀಮರು ಹೇಳಿದರಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ಗುಡಿಯಾ ನಗಲೂ ಇಲ್ಲ, ಅಳಲೂ ಇಲ್ಲವಂತೆ.

“ನಿನ್ನೆ ಇಲ್ಲದ ಹೆಸರು ಇವತ್ತ ಹ್ಯಾಂಗ ಬಂತು ಮೇಡಂ?”

ಸುಮನಳ ಮೌಸು ಹಳೆಯ ಕಡತದತ್ತ ಸರಿಯಿತು. ಎದುರಿಗೆ ಸಂಜುಕುಮಾರ ಪೆನ್ನು ತಿರುಗಿಸುತ್ತ ಅವಳನ್ನೇ ನೋಡುತ್ತಿದ್ದ.

“ಪೇಜ್ ಮೊದಲಿಂದ ಸರಿನೇ ಅದರಿ,” ಎಂದಳು ಅವಳು.

ನಾಗಸೇನ ಬಯ್ಯಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡ.

“ನಿಮಗ ಒಬ್ಬಾಕಿ ತಂಗಿ ಇರಬೇಕಾಗಿತ್ತು,” ಎಂದಷ್ಟೇ ಹೇಳಿ ಹೊರಟುಹೋದ.

ಅಂದು ಭಾಲ್ಕಿಯ ಬಸ್ಸಿನಲ್ಲಿ ಸುಮನ ಕಿಟಕಿಗೆ ಮುಖ ಒತ್ತಿ ಕೂತಿದ್ದಳು. ತಂಗಿಯ ಕಾಲಿಗೆ ಚಪ್ಪಲಿ ತೊಡಿಸಿದ ಆ ಕೈ ಕಣ್ಣಿನಿಂದ ಸರಿಯಲೊಲ್ಲದು. ‘ಅವನ ಕಣ್ಣಲ್ಲಿ ನಾನು ಏನಾಗಿ ಉಳಿದೆ?’ ಈ ಪ್ರಶ್ನೆ ತನಗೆ ಯಾಕಿಷ್ಟು ನೋಯುತ್ತಿದೆ ಎಂದು ತಿಳಿಯದೆ ಮತ್ತೂ ನೋವಾಯಿತು.

*

ಅದಾದ ಆರನೆಯ ದಿನ, ಬೀದರದ ಬಸ್ಸು ಹಿಡಿಯಲು ಹೊರಟಾಗ, ಭಾಲ್ಕಿಯ ಬೇಳೆ ಮಿಲ್ಲಿನ ಗೇಟಿನಲ್ಲಿ ಗುಡಿಯಾ ಸಿಕ್ಕಳು.

ಕೂದಲು, ಹುಬ್ಬು, ರೆಪ್ಪೆಯ ಮೇಲೆಲ್ಲ ತೊಗರಿಯ ಹಳದಿ ಧೂಳು. ಸೀಟು ಹೋದ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದೆಂದು ತಾಯಿ ಅವಳನ್ನು ಭಾಲ್ಕಿಯ ಅತ್ತೆಯ ಮನೆಗೆ ಕಳಿಸಿದ್ದಳು. ಅತ್ತೆ ಮಿಲ್ಲಿಗೆ ಕಳಿಸಿದ್ದಳು. ಅಣ್ಣ ಬೇಡವೆಂದು ಜಗಳಾಡಿದರೆ, ಪೇಜು ಓದಲು ಬಾರದವನು ಬುದ್ಧಿ ಹೇಳಬೇಡ ಎಂದು ತಾಯಿಯೇ ಅಂದಿದ್ದಳಂತೆ.

“ನನ್ನ ಹೆಸರು ಈಗ ಛಲೋ ಕಾಣಸ್ತದ ಅಕ್ಕ,” ಎಂದಳು ಗುಡಿಯಾ. “ಊಟಕ್ಕ ಬಿಟ್ಟಾಗ ದಿನಾ ತೆಗದು ನೋಡ್ತೇನಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಮನ ಹೇಗೋ ತಡೆದುಕೊಳ್ಳುತ್ತಿದ್ದಳು. ಉಳಿದ ಸೀಟುಗಳ ಎರಡನೇ ಸುತ್ತು ಶನಿವಾರಕ್ಕೆ ಮುಗಿಯುತ್ತದೆ, ಮೊದಲ ಸುತ್ತಿನಲ್ಲಿ ಕರೆದರೂ ಬಾರದವರಿಗೆ ಅದರಲ್ಲಿ ಜಾಗವಿಲ್ಲ ಎಂದು ಕೂಡ ಗುಡಿಯಾಳೇ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವಂತೆ.

ಅಂದು ಗುರುವಾರ. ಸುಮನ ಬೀದರದ ಬಸ್ಸು ಹತ್ತಲಿಲ್ಲ. ಔರಾದದ ಬಸ್ಸು ಹತ್ತಿದಳು.

*

ನಾಗಸೇನನ ಅಂಗಡಿಯ ಮುಂದೆ ಬಾವಿಯ ಮೋಟಾರುಗಳು ಸಾಲಾಗಿ ಬಿದ್ದಿದ್ದವು. ಒಬ್ಬ ಮುದುಕ ರೈತನನ್ನು ಎದುರಿಗೆ ಕೂರಿಸಿಕೊಂಡು ಅವನು ಒಂದರ ಮುಚ್ಚಳ ತೆಗೆಯುತ್ತಿದ್ದ. ಒಳಗಿನ ತಂತಿ ಕರ್ರಗೆ ಸುಟ್ಟಿತ್ತು. ಮುದುಕ ಬಗ್ಗಿ ನೋಡಿ, ಮೂಸಿ, ಹೂಂ ಎಂದ ಮೇಲೆಯೇ ನಾಗಸೇನ ತಂತಿಗೆ ಕೈ ಹಚ್ಚಿದ.

ಸುಮನಳನ್ನು ಕಂಡು ಅವನ ಕೈ ನಿಂತಿತು. ಮುದುಕ ಹೋಗುವವರೆಗೂ ಅವಳನ್ನು ಬಿಸಿಲಲ್ಲೇ ನಿಲ್ಲಿಸಿದ. ಆಮೇಲೆ ಸ್ಟೂಲನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಮುಂದಿಟ್ಟ. ಕೂಡ್ರಿ ಎನ್ನಲಿಲ್ಲ.

ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಸುಳ್ಳಾಡಿದ್ದನ್ನೂ. ಹಳೆಯ ಕಡತ ತನ್ನ ಹತ್ತಿರ ಇನ್ನೂ ಇದೆ ಎಂಬುದನ್ನೂ.

“ಎಷ್ಟು ದಿವಸದಿಂದ ಅದ?”

“ಮೊದಲನೇ ದಿವಸದಿಂದ ಅದರಿ.”

ಅವನು ಸುಟ್ಟ ತಂತಿಯ ಗಂಟನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದ. “ನಾ ಹೆಚ್ಚು ಸಾಲಿ ಕಲ್ತವ ಅಲ್ಲ ಮೇಡಂ. ಆದ್ರ ಮಾಲಕರಿಗಿ ಸುಟ್ಟಿದ್ದು ತೋರಿಸದ ಒಂದು ಮೋಟಾರೂ ಬಿಚ್ಚಿಲ್ಲ. ನೀವು ಸುಟ್ಟಿದ್ದು ಮುಚ್ಚಿಟ್ಟು ರಿಪೇರಿ ಮಾಡೀರಿ. ನನ್ನ ತಂಗಿ ಅಲ್ಲಿ ಧೂಳು ತಿನ್ನಲತಾಳ, ನೀವು ಇಲ್ಲಿ ಅಳಲಿಕ್ಕಿ ಬಂದೀರಿ.”

“ಅಳಲಿಕ್ಕಿ ಬಂದಿಲ್ಲ. ನಾಳೆ ಕಾಲೇಜಿಗಿ ಬರ್ರಿ. ಸುಟ್ಟಿದ್ದು ತೋರಿಸ್ತೇನಿ.”

“ನಿಮ್ಮ ನೌಕರಿ?”

ಅವಳು ಬಸ್ಸಿನತ್ತ ನಡೆದಳು.

*

ಶುಕ್ರವಾರ ಪ್ರಿನ್ಸಿಪಾಲರ ಕೋಣೆಯಲ್ಲಿ, ನಾಗಸೇನನ ಎದುರಿಗೇ, ಸುಮನ ಹಳೆಯ ಪೇಜನ್ನು ಬೇರೆ ವಿಳಾಸದಲ್ಲಿ ಏರಿಸಿ, ಕಲೀಮರ ಫೋನಿನಲ್ಲೇ ತೆರೆದು ಕೊಟ್ಟಳು. ಕಲೀಮರು ಎಳೆದರು, ಜಗ್ಗಿದರು. ಗುಡಿಯಾಳ ಹೆಸರು ಬರಲಿಲ್ಲ. ಆಮೇಲೆ ಅವಳು ಎರಡೂ ಕಡತಗಳ ತಾರೀಖು ತೋರಿಸಿದಳು.

“ಕಣ್ಣಿಲ್ಲದವರು ಅವರಲ್ಲರಿ. ನೋಡದಾಕಿ ನಾನು. ಬರದು ಕೊಡ್ತೇನಿ.”

ಬರೆದು, ಸಹಿ ಹಾಕಿ ಕೊಟ್ಟಳು. ಇಬ್ಬರು ಸೇರದೆ ಬಿಟ್ಟಿದ್ದ ಸೀಟುಗಳಿದ್ದವು. ಸಂಜೆಗೆಲ್ಲ ಒಂದು ಗುಡಿಯಾಳದಾಯಿತು. ಅದೇ ಸಂಜೆ ಸಂಜುಕುಮಾರ ಸುಮನಳಿಗೆ ನಾಳೆಯಿಂದ ಬರುವುದು ಬೇಡವೆಂದು ಫೋನಿನಲ್ಲೇ ಹೇಳಿದ. ಬೀದರದಲ್ಲಿ ಬೇರೆ ಯಾವ ಆಫೀಸಿಗೂ ನಿನ್ನನ್ನು ಸೇರಗೊಡುವುದಿಲ್ಲ ಎಂದೂ ಸೇರಿಸಿದ.

ಕಾಲೇಜಿನ ಗೇಟಿನಲ್ಲಿ ಅವಳು ಕಾದಿದ್ದಳು. ನಾಗಸೇನ ತಂಗಿಯ ಕೈ ಹಿಡಿದು ಎದುರಿಗೇ ಹಾದುಹೋದ. ಗುಡಿಯಾ ತಿರುಗಿ ನೋಡಿದಳು.

ಅವನು ನೋಡಲಿಲ್ಲ.

ಮನೆಯಲ್ಲಿ ಅವ್ವ ಕೌಸಲ್ಯಾಬಾಯಿ ತಾಟಿನಲ್ಲಿ ರೊಟ್ಟಿ ಹಾಕಿ ದೂಡುತ್ತ, “ಮಂದಿ ಮಗಳಿಗಿ ದಾರಿ ಮಾಡಿ ಬಂದಿ. ನಿನ್ನ ಮಾರಿ ಯಾರು ನೋಡಬೇಕು ಇನ್ನ?” ಎಂದಳು. ಕಂಪ್ಯೂಟರಿನಲ್ಲಿ ಕಾಲೇಜು ಕಟ್ಟುವ ಮಗಳ ಮಾತನ್ನು ಅಪ್ಪ ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ. ಅವ್ವನ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

*

ಎರಡು ತಿಂಗಳ ನಂತರ. ಭಾಲ್ಕಿ ರೈಲು ನಿಲ್ದಾಣದ ಹತ್ತಿರದ ಆನ್‌ಲೈನ್ ಅರ್ಜಿ ಸೆಂಟರ್. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ ತುಂಬುವುದು ಸುಮನಳ ಹೊಸ ಕೆಲಸ.

“ಮುಂದಿನವರು ಬರ್ರಿ. ಏನು ಅರ್ಜಿ?”

“ಅಂಗಡಿಗೊಂದು ಪೇಜ್ ಮಾಡಿಸಬೇಕಾಗ್ಯದ್ರಿ.”

ಅವಳು ತಲೆ ಎತ್ತಿದಳು. ಅದೇ ಸೀಳಿದ ಫೋನು. ಈ ಸಲ ಬೆರಳುಗಳಿಗೆ ಎಣ್ಣೆ ಇರಲಿಲ್ಲ; ಚರ್ಮ ಕೆಂಪಾಗುವಂತೆ ತಿಕ್ಕಿ ತೊಳೆದುಕೊಂಡು ಬಂದಿದ್ದ.

ಸುಮನ ಹಳೆಯ ಮಾತು ಬಿಡಲಿಲ್ಲ.

“ಬ್ಯಾಳಿ ಹಸನ ಮಾಡೋರ ಕಡೆ ಪೇಜ್ ಮಾಡಿಸ್ತೀರೇನ್ರಿ?”

ನಾಗಸೇನ ಕಣ್ಣು ಕೆಳಗೆ ಹಾಕಿದ. ಜೇಬಿನಿಂದ ಕರಕಲಾದ ತಾಮ್ರದ ತಂತಿಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ.

“ಇದು ಯಾರ ಮೋಟಾರಿಂದು?”

“ನಂದೇ ಅಂತ ತಿಳೀರಿ. ಸುಟ್ಟಿದ್ದು ಮೊದಲ ತೋರಿಸಬೇಕಲ್ಲ...” ಅವನ ದನಿ ಒಡೆಯಿತು. “ಬ್ಯಾಳಿ ಮಾತು ಆಡೀನಿ. ಬಿಸಲಾಗ ನಿಲ್ಲಿಸೀನಿ. ಅವತ್ತ ಗೇಟಿನಾಗ ನೋಡಿದ್ರ ಎಲ್ಲಾರ ಮುಂದ ಅತ್ತುಬಿಡ್ತೇನಂತ ನೋಡಲಾರದ ಹೋದೆ. ಭಾಲ್ಕಿ ಬಸ್‌ಸ್ಟ್ಯಾಂಡ್ ತನಕ ನಾಕು ಸಲ ಬಂದು ಹೊಳ್ಳಿ ಹೋಗೀನಿ.”

“ಯಾಕ ಹೊಳ್ಳಿ ಹೋದ್ರಿ?”

“ಥ್ಯಾಂಕ್ಸ್ ಹೇಳಲಿಕ್ಕಾದ್ರ ಒಂದು ಸಲ ಬಂದ್ರ ಸಾಕಾಗತಿತ್ತು. ನನಗ ದಿನಾ ಬರಬೇಕನಸಲತದ.”

ಅವನ ಹಿಂದೆ ಸಾಲಿನಲ್ಲಿದ್ದ ಹೆಂಗಸು ತನ್ನ ಅರ್ಜಿಯನ್ನು ಮಡಿಸಿಕೊಂಡು ಸುಮ್ಮನೆ ಎರಡು ಹೆಜ್ಜೆ ಹಿಂದೆ ಸರಿದಳು.

‘ಎರಡು ತಿಂಗಳು... ನಾನು ಎರಡು ತಿಂಗಳು ಕಾದೆ, ಇವನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದನೇ!’ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕಣ್ಣೀರೂ ಬಂತು.

ಅವಳು ಪರದೆಯತ್ತ ತಿರುಗಿ ಒಂದು ಸಾದಾ ಪೇಜು ಎಬ್ಬಿಸಿದಳು. ಮೇಲೆ ನೀಲಿ ಮೆನು. ಅದರ ಕೆಳಗೆ ಒಂದೇ ಸಾಲು ಟೈಪ್ ಮಾಡಿ, ಅವನ ಫೋನನ್ನು ಕಸಿದುಕೊಂಡು, ಅದರಲ್ಲೇ ತೆರೆದು ಅವನ ಮುಂದೆ ಇಟ್ಟಳು.

“ಮೊದಲನೇ ಹೆಸರು ಯಾರದದ, ಓದ್ರಿ.”

ಅವನು ಓದಿದ. ಮತ್ತೊಮ್ಮೆ ಓದಿದ.

“ಸುಮನ... ನಾಗಸೇನ.”

“ಮೆನು ಮ್ಯಾಲ ಬಂದು ಮುಚ್ಚಿಲ್ಲಲ್ಲ?”

ನಾಗಸೇನ ಪೇಜನ್ನು ಬೆರಳಿನಿಂದ ಒಮ್ಮೆ ಕೆಳಕ್ಕೆ ಎಳೆದು ನೋಡಿದ. ಹೆಸರು ಕದಲಿ, ಮತ್ತೆ ತನ್ನ ಜಾಗಕ್ಕೇ ಬಂದು ನಿಂತಿತು.

“ಇಲ್ಲ ಸುಮನಾ. ಪೂರಾ ಕಾಣಸ್ತದ.”