ಒಂದನೇ ತಾರೀಖಿನ ಸೂಚನೆ

ಜೂನ್ 11, ಬೆಳಿಗ್ಗೆ 10.40. ಯಾದಗಿರಿ ಕಡೆಯ ಬಸಲಿಂಗಮ್ಮ ಉಪ್ಪಲ್ ಬಳಿಯ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಹಣಮಂತರಾಯರ ಮುಂದೆ ಗಂಡನ ಮೊಬೈಲ್ ಇಟ್ಟಳು. ಗಂಡ ಕಲ್ಲೇಶ ದೊಡ್ಡ ರಾಸಾಯನಿಕ ಕಾರ್ಖಾನೆಯೊಂದರ ಗುತ್ತಿಗೆ ಕೆಲಸಗಾರ. ಜೂನ್ 3ರಂದು ನಾಲ್ಕನೇ ಟ್ಯಾಂಕ್ ತೊಳೆಯಲು ಇಳಿದವನು ವಿಷಾನಿಲದಿಂದ ಸತ್ತಿದ್ದ.

“ಟ್ಯಾಂಕಿಗೆ ಇಳೀಬ್ಯಾಡ್ರಿ ಅಂತ ಒಂದನೇ ತಾರೀಖಿಗೇ ವೆಬ್‌ಸೈಟಿನ್ಯಾಗ ಹಾಕಿದ್ವಿ, ಅವ ನೋಡಲಿಲ್ಲ ಅಂತಾರ್ರಿ ಕಾರ್ಖಾನಿಯವರು. ಅವ ದಿನಾ ನೋಡತಿದ್ದ. ಆ ಪುಟದ ಫೋಟೋ ತಗದು ಜೋಡಿ ಕೆಲಸದ ಮಂದಿಗೆ ಕಳಸತಿದ್ದ.”

ಮೂರನೇ ತಾರೀಖು ಬೆಳಿಗ್ಗೆ 6.12ರ ಸ್ಕ್ರೀನ್‌ಶಾಟಿನಲ್ಲಿ ಅಂಥ ಸೂಚನೆಯೇ ಇರಲಿಲ್ಲ. ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಮೊಬೈಲ್ ವಶಕ್ಕೆ ಪಡೆದರು.

ಮಧ್ಯಾಹ್ನ 2.15ಕ್ಕೆ ಹಣಮಂತರಾಯರು ಕಾರ್ಖಾನೆಯ ವೆಬ್ ವಿಭಾಗದಲ್ಲಿ. ಮುಖ್ಯಸ್ಥ ವಿಶ್ವಜಿತ್ ಬೀದರಿನವರು. ಕೇಳುವ ಮೊದಲೇ ಚಹಾ ತರಿಸಿದರು. ಆಮೇಲೆ ಸ್ಕ್ರೀನ್‌ಶಾಟಿನ ಪ್ರತಿ ನೋಡಿದರು.

“ಹಳೇ ಪುಟ ಮೊಬೈಲಿನ್ಯಾಗ ಉಳಕೊಂಡಿರತೈತ್ರಿ ಸಾಹೇಬ್ರ.”

“ಸೂಚನೆ ಹಾಕಿದವರು ಯಾರು?”

“ಬರಿಯಾಕಿ, ಹಾಕಾಕಿ ಶೀತಲನೇ.”

ಮೂಲೆಯ ಮೇಜಿನಲ್ಲಿದ್ದ ಶೀತಲ ತಲೆ ಎತ್ತಿ ವಿಶ್ವಜಿತರನ್ನು ನೋಡಿದಳು. ಕಾನ್‌ಸ್ಟೇಬಲ್ ಪರಮೇಶ ಅದನ್ನೂ ಗುರುತು ಹಾಕಿಕೊಂಡ.

ಮರುದಿನ ಸರ್ವರ್ ದಾಖಲೆ ಕೈಸೇರಿತು. ಪುಟದಲ್ಲಿ ಕಾಣುವ ದಿನಾಂಕ ಜೂನ್ 1. ನಿಜವಾಗಿ ಪ್ರಕಟವಾದದ್ದು ಜೂನ್ 3, 9.52ಕ್ಕೆ. ಕಲ್ಲೇಶ ಸತ್ತದ್ದು 9.10ಕ್ಕೆ. ಪಾಸ್‌ವರ್ಡ್ ಮಾತ್ರ ಶೀತಲಳದು.

ಅವಳನ್ನು ಠಾಣೆಗೆ ಕರೆಸಿದರು.

“9.52ಕ್ಕೆ ಎಲ್ಲಿದ್ರಿ?”

“ಮೆಟ್ರೋದಾಗ್ರಿ. ಮಿಯಾಪುರದಿಂದ ಬರಾಕತ್ತಿದ್ದೆ. ಸೂಚನೆ ಬರದು ಒಂದನೇ ತಾರೀಖಿಗೇ ವಿಶ್ವಜಿತ್ ಸಾಹೇಬ್ರ ಮಂಜೂರಿಗೆ ಕಳಿಸೀನ್ರಿ. ಅವರು ಹೂಂ ಅನ್ನದ ಹಾಕೂ ಹಂಗಿಲ್ಲ.”

“ನಿಮ್ಮ ಪಾಸ್‌ವರ್ಡ್ ಮತ್ತ್ಯಾರಿಗೆ ಗೊತ್ತು?”

“ರಜಾದಾಗ ಬೇಕಾಗತೈತಿ ಅಂತ ಸಾಹೇಬ್ರು ಬರಸ್ಕೊಂಡಾರ್ರಿ.”

ಗೇಟಿನಲ್ಲಿ ಅವಳ ಕಾರ್ಡ್ ದಾಖಲಾದದ್ದು 10.25ಕ್ಕೆ. ಸೂಚನೆ ಹೊರಟ ಕಂಪ್ಯೂಟರ್ ಇದ್ದದ್ದು ವಿಶ್ವಜಿತರ ಕೋಣೆಯಲ್ಲಿ. ಆ ಹೊತ್ತಿಗೆ ಅಲ್ಲಿ ಅವರೊಬ್ಬರೇ ಇದ್ದರೆಂದು ಕ್ಯಾಮೆರಾ ಹೇಳಿತು.

ಜೂನ್ 13, ಸಂಜೆ 4ಕ್ಕೆ ವಿಶ್ವಜಿತರ ಬಂಧನ. ಸುಳ್ಳು ಎಲೆಕ್ಟ್ರಾನಿಕ್ ದಾಖಲೆ ಸೃಷ್ಟಿಸಿದ ಆರೋಪ.

“ಎರಡು ದಿನ ಯಾಕ ಮಂಜೂರಿ ಕೊಡಲಿಲ್ಲ?” ಹಣಮಂತರಾಯರು ಕೇಳಿದರು.

“ನಿರ್ದೇಶಕರು ಭೇಟಿ ಕೊಟ್ಟಿದ್ರು. ಅವರ ಫೋಟೋ ಮೊದಲು ವೆಬ್‌ಸೈಟಿಗೆ ಹೋಗಬೇಕಿತ್ತು. ನಾಳೆ ನೋಡೂಣು ಅಂದೆ.”

ಮೂವತ್ತೊಂದು ವರ್ಷದ ನೌಕರಿಯಲ್ಲಿ ವಿಶ್ವಜಿತರಿಗೆ ಒಂದು ಮೆಮೊ ಕೂಡ ಬಂದಿರಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ಟ್ಯಾಂಕಿನಿಂದ ಹೆಣ ಎತ್ತುವುದನ್ನು ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದ್ದಾಗಿ ಹೇಳಿಕೆಯಲ್ಲಿ ಒಪ್ಪಿಕೊಂಡರು. ಆಮೇಲೆ ಕುರ್ಚಿಗೆ ಬಂದು ಕೂತು, ತಮ್ಮ ಹೆಸರು ಎಲ್ಲಿಯೂ ಬರದಂತೆ, ಶೀತಲಳ ಪಾಸ್‌ವರ್ಡ್ ಒತ್ತಿದ್ದರು.