ಕಟ್ಟಬಾರದ ಹಗ್ಗ

ಬಜ್ಜಿ ಆರಿಹೋಗುತ್ತದೆ ಎಂದು ಗಂಡನನ್ನು ಕರೆಯಲು ಹೊರಟ ಸ್ಮಿತಾ, ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲು ತೆರೆದು ಅಲ್ಲೇ ನಿಂತುಬಿಟ್ಟಳು. ಒಳಗೆ ಕತ್ತಲೆ. ಜನರೇಟರು ಗುಡುಗುಡು ಎನ್ನುತ್ತಿತ್ತು. ಊಟದ ಹೊತ್ತಿನಲ್ಲಿ ಪೂರ್ತಿ ತೆರೆದಿದ್ದ ದೊಡ್ಡ ಬಾಗಿಲು ಈಗ ನೆಲಕ್ಕೆ ಇಳಿದಿತ್ತು. ಎಂಜಿನ್ನಿನ ಹೊಗೆ ಬಿಸಿಯಾಗಿ, ಅವಳ ಹಿಂದೆಯೇ ಬಂದಿದ್ದ ನಮ್ಮಿಬ್ಬರ ಮುಖಕ್ಕೂ ಬಡಿಯಿತು.

"ಉಸರ ಬಿಗಿ ಹಿಡೀರಿ," ಎಂದು ನೀಲಗಂಗಾ ಅವಳನ್ನು ಹಿಂದಕ್ಕೆ ಎಳೆದು, ಗೋಡೆಯ ಗುಂಡಿ ಒತ್ತಿದರು. ದೊಡ್ಡ ಬಾಗಿಲು ನಡುಗುತ್ತ ಮೇಲೇರಿತು. ಬೆಳಕಿನಲ್ಲಿ ಕಂಡದ್ದು ಟ್ರೇಲರಿನ ಮೇಲೆ ನಿಂತ ಶಶಿಕಾಂತನ ಬಿಳಿ ದೋಣಿ. ಅದರ ಕ್ಯಾಬಿನ್ನಿನ ಜೋಡಿ ಬಾಗಿಲುಗಳ ಹಿಡಿಗಳಲ್ಲಿ ನೀಲಿ ಹಗ್ಗ ತೂರಿಸಿ, ಪಕ್ಕದಲ್ಲಿ ದೋಣಿಯ ಹಗ್ಗ ಸುತ್ತುವ ಕಬ್ಬಿಣದ ಕೊಂಬಿಗೆ ಬಿಗಿದಿದ್ದರು. ಹೊರಗಿನಿಂದ.

ನಾನು ಓಡಿಹೋಗಿ ದೋಣಿ ಹತ್ತಿ ಗಂಟಿಗೆ ಕೈ ಹಾಕಿದೆ.

"ಬಿಚ್ಚಬ್ಯಾಡ ಅಲಮೇಲು. ಹಗ್ಗ ಕೊಯ್ಯಿ," ಎಂದರು ನೀಲಗಂಗಾ.

ಈರುಳ್ಳಿ ಹೆಚ್ಚುತ್ತಿದ್ದ ಚಾಕು ನನ್ನ ಕೈಯಲ್ಲೇ ಇದೆ ಎಂಬುದು ಆಗಲೇ ನನಗೆ ತಿಳಿದದ್ದು. ಬಾಗಿಲು ತೆರೆದೊಡನೆ ಶಶಿಕಾಂತ ನಮ್ಮ ಕಾಲ ಮೇಲೇ ಬಿದ್ದ. ಅವನ ಕೆನ್ನೆಗಳು ಕೆಂಪಗಿದ್ದವು, ಆರೋಗ್ಯವಂತನ ಹಾಗೆ; ಅದು ಹೊಗೆಯ ವಿಷದ ಗುರುತೆಂದು ಆಮೇಲೆ ತಿಳಿಯಿತು. ಕೈಬೆರಳ ಗೆಣ್ಣುಗಳ ಚರ್ಮ ಸುಲಿದು ರಕ್ತ ಸುರಿಯುತ್ತಿತ್ತು. ಆ ಬಾಗಿಲನ್ನು ಅವನು ಎಷ್ಟು ಬಡಿದಿದ್ದನೋ. ಹತ್ತೇ ಹೆಜ್ಜೆ ಆಚೆ ನಾವು ನಗುತ್ತ ಬಜ್ಜಿ ಕರಿಯುತ್ತಿದ್ದೆವು.

ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಆಂಬುಲೆನ್ಸ್ ಬರುವವರೆಗೆ ನೀಲಗಂಗಾ ಬಾಯಿಂದ ಉಸಿರು ಕೊಟ್ಟರು. ಅವರು ಬಾಗಲಕೋಟೆಯವರು, ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮಲಗಿದವರ ಉಸಿರು ಕಾಯುವುದೇ ಅವರ ಕಸುಬು. ಅಟ್ಲಾಂಟಾ ಹತ್ತಿರದ ಸುವಾನಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಬೇಲಿ ಮಾತ್ರ. ನಮ್ಮ ಜನರ ಮನೆಗಳಲ್ಲಿ ಪೊಲೀಸರಿಗೆ ಹೇಳಲಾಗದ ಸಂಗತಿಗಳು ನಡೆದಾಗ ಅವರನ್ನು ಕರೆಯುವುದು ರೂಢಿಯಾಗಿತ್ತು. ಜೊತೆಗೆ ಹೋಗುವುದು ನನಗೂ ರೂಢಿಯಾಗಿತ್ತು. ಆ ಶನಿವಾರ ಮಾತ್ರ ನಾವು ಕಮ್ಮಿಂಗಿನ ಆ ಮನೆಗೆ ಬಂದದ್ದು ಬರೀ ಊಟಕ್ಕೆ.

ಅದು ೧೯೯೭ರ ಸೆಪ್ಟೆಂಬರ್. ಅಕ್ಟೋಬರಿನಲ್ಲಿ ಟೆನೆಸ್ಸಿ ನದಿಯಿಂದ ಟಾಂಬಿಗ್ಬಿ ಜಲಮಾರ್ಗ ಹಿಡಿದು ದಕ್ಷಿಣಕ್ಕೆ ದೋಣಿಯಲ್ಲಿ ಹೋಗುವುದೆಂದು ಶಶಿಕಾಂತ ಯೋಜನೆ ಹಾಕಿದ್ದ. ಅವನು ಗದಗಿನ ಎಂಜಿನಿಯರು. ಹಳೆಯ ದೋಣಿ ಕೊಂಡು ತಾನೇ ರಿಪೇರಿ ಮಾಡಿದ್ದ. ಹೆಂಡತಿ ಸ್ಮಿತಾ ಮೈಸೂರಿನವಳು. ಜೊತೆಗೆ ಹೋಗಬೇಕಿದ್ದವರು ಅವಳ ತಮ್ಮ ಧೀರಜ್ ಮತ್ತು ಶಶಿಕಾಂತನ ಆಫೀಸಿನ ಗೆಳೆಯ ಹರಿಪ್ರಸಾದ. ಅಂದು ಊಟಕ್ಕೆ ಇದ್ದವರು ಇಷ್ಟೇ ಜನ ಮತ್ತು ನಾವಿಬ್ಬರು.

ಧೀರಜ್ ಅಲಬಾಮಾದಲ್ಲಿ ಓದು ಮುಗಿಸಿ ಈಗ ನಮ್ಮ ಪಕ್ಕದ ಊರು ಡುಲುತ್‌ನಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡಿದ್ದ. ಹಿಂದಿನ ವರ್ಷದ ಬೇಸಿಗೆಯಲ್ಲಿ, ಇನ್ನೂ ಓದುತ್ತಿದ್ದಾಗ, ಅವನ ರೂಮ್‌ಮೇಟ್ ಆದಿತ್ಯ ಒಬ್ಬನೇ ಈಜಲು ಹೋಗಿ ಮುಳುಗಿಹೋಗಿದ್ದ. ದೇಹವನ್ನು ಮೈಸೂರಿಗೆ ಒಯ್ದು, ಆ ತಂದೆತಾಯಿಗೆ ಮಗನಂತೆ ನಿಂತವನು ಧೀರಜ್. ಆದಿತ್ಯನ ತಂಗಿ ನಿಧಿಯ ಜೊತೆ ಅವನ ಮದುವೆ ಡಿಸೆಂಬರಿಗೆ ನಿಶ್ಚಯವಾಗಿತ್ತು.

ಊಟವಾದ ಮೇಲೆ ಶಶಿಕಾಂತ ಮೇಜಿನ ಮೇಲೆ ನದಿಯ ಮ್ಯಾಪು ಹರಡಿದ. ಪಕ್ಕದಲ್ಲಿ ದೋಣಿಯಾನದ ಗೈಡ್ ಪುಸ್ತಕವಿತ್ತು. ಅಂದೇ ಬೆಳಿಗ್ಗೆ ಅಂಚೆಯಲ್ಲಿ ಬಂದದ್ದು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

"ಈ ಲಾಕ್ ಅನ್ನೋದು ನೀರಿನ ಮೆಟ್ಟಿಲು ಇದ್ದ ಹಾಗೆ," ಎಂದು ಶಶಿಕಾಂತ ವಿವರಿಸಿದ. "ಎತ್ತರದ ಕಾಂಕ್ರೀಟ್ ತೊಟ್ಟಿ. ಬೋಟ್ ಒಳಗೆ ಹೋದ್ಮೇಲೆ ಹಿಂದಿನ ಗೇಟ್ ಕ್ಲೋಸ್ ಮಾಡ್ತಾರೆ. ನೀರು ಖಾಲಿ ಮಾಡ್ತಾ ಬೋಟನ್ನ ಕೆಳಗಿಳಿಸ್ತಾರೆ. ಆಮೇಲೆ ಮುಂದಿನ ಗೇಟ್ ಓಪನ್. ಈಗ ಹೇಳಿ, ನೀರು ಇಳಿಯೋವಾಗ ಹಗ್ಗ ಏನು ಮಾಡಬೇಕು?"

"ಗೋಡೆಯ ಕೊಂಬಿಗೆ ಗಟ್ಟಿಯಾಗಿ ಬಿಗೀಬೇಕು," ಎಂದ ಹರಿಪ್ರಸಾದ. ಅವನು ಕಾಲೇಜಿನಲ್ಲಿ ನೇವಲ್ ಎನ್‌ಸಿಸಿಯಲ್ಲಿದ್ದವನು. "ಎಂಟರ ಹಾಗೆ ಸುತ್ತಿ ಬಿಗಿದ್ರೆ ಜಪ್ಪಯ್ಯ ಅಂದ್ರೂ ಜಾರಲ್ಲ."

"ಕಟ್ಟಬಾರದು," ಎಂದ ಧೀರಜ್. ದನಿ ಎಷ್ಟು ಒರಟಾಗಿತ್ತೆಂದರೆ ಎಲ್ಲರೂ ಅವನತ್ತ ತಿರುಗಿದೆವು. "ಕಟ್ಟಿದ್ರೆ ನೀರು ಇಳಿಯುತ್ತೆ, ಬೋಟ್ ಇಳಿಯಲ್ಲ. ಹಗ್ಗಕ್ಕೆ ನೇತಾಡುತ್ತೆ. ಕೈಯಲ್ಲೇ ಹಿಡ್ಕೊಂಡು ಬಿಡ್ತಾ ಬಿಡ್ತಾ ಇರಬೇಕು."

"ಕರೆಕ್ಟ್. ನಿಂಗೆ ಹೇಗೋ ಗೊತ್ತು?"

"ಆ ಬುಕ್ಕಲ್ಲಿ ಓದ್ದೆ, ಭಾವ."

"ಲಾಕ್ ನಡೆಸೋ ಮುದುಕನೂ ಇದನ್ನೇ ಹೇಳಿದ. ನಿನ್ನೆ ಫೋನ್ ಮಾಡಿದ್ದೆ. ಹೋದ ವರ್ಷ ಅವನ ಲಾಕಿನಲ್ಲಿ ಇಬ್ಬರು ಸ್ಟೂಡೆಂಟ್ಸ್ ಬಂದಿದ್ರಂತೆ. ಹಗ್ಗ ಬಿಗಿದು ಬೋಟ್ ನೇತಾಡಿ, ಒಬ್ಬ ಹೋಗಿಬಿಟ್ಟನಂತೆ. ಉಳಿದವನ ಮುಖ ಇವತ್ತಿಗೂ ಕಣ್ಮುಂದೆ ಇದೆ ಅಂದ. ನಾವು ಹೋದಾಗ ಕೆಳಗೆ ಬಂದು ಪೂರ್ತಿ ಹೇಳ್ತಾನಂತೆ."

ಹರಿಪ್ರಸಾದ ಎದ್ದು ನಿಂತ. "ಸಾಯೋ ಜಾಗಕ್ಕೆ ಯಾಕೆ ಹೋಗಬೇಕು ಶಶಿ? ನಾನಂತೂ ಬರಲ್ಲ. ನಿನ್ನನ್ನೂ ಹೋಗೋಕೆ ಬಿಡಲ್ಲ." ಮಾತು ಬೆಳೆಯಿತು. ಅವನು ಮುಂಬಾಗಿಲು ಧಡಾರನೆ ಮುಚ್ಚಿ ಕೆರೆಯ ಕಡೆ ನಡೆದುಹೋದ. ಶಶಿಕಾಂತ ನಕ್ಕು, ಜನರೇಟರ್ ಟೆಸ್ಟ್ ಮಾಡಿ ಕ್ಯಾಬಿನ್ನಿನ ಅಳತೆ ತೆಗೆಯುತ್ತೇನೆಂದು ಗ್ಯಾರೇಜಿಗೆ ಹೋದ.

"ಅಕ್ಕ, ಆಂಟಿಯರಿಗೆ ಬಜ್ಜಿ ಮಾಡು. ಜೊತೆಗೆ ಕಾಯಿಚಟ್ನಿ ರುಬ್ಬು, ಕೆಚಪ್ ಬೇಡ," ಎಂದು ಧೀರಜ್ ಮಹಡಿಗೆ ಮಲಗಲು ಹೋದ. ನಾವು ಅಡುಗೆಮನೆಗೆ ಹೋದೆವು. ಮಿಕ್ಸಿ ಬಹಳ ಹೊತ್ತು ಅರಚಿತು.

ಆಸ್ಪತ್ರೆಗೆ ಒಯ್ದಾಗ ಶಶಿಕಾಂತ ಬದುಕಿದ್ದ. ಆದರೆ ಎಚ್ಚರವಿರಲಿಲ್ಲ. ಕೌಂಟಿಯ ಪೊಲೀಸ್ ಅಧಿಕಾರಿ ಬಂದು ದೋಣಿಯ ಕೊಂಬಿನ ಮೇಲೆ ಉಳಿದಿದ್ದ ಗಂಟನ್ನು ನೋಡಿದ. ಎಂಟರ ಹಾಗೆ ಸುತ್ತಿ ಬಿಗಿದ ಅಚ್ಚುಕಟ್ಟಾದ ಗಂಟು. ಇಂಥ ಗಂಟು ಯಾರಿಗೆ ಬರುತ್ತದೆ ಎಂದು ಕೇಳಿದಾಗ ನಾವೆಲ್ಲ ಕೆರೆಯ ಕಡೆಯಿಂದ ಮರಳಿದ್ದ ಹರಿಪ್ರಸಾದನನ್ನು ನೋಡಿದೆವು. ಅವನ ಮುಖ ಬಿಳಿಚಿಕೊಂಡಿತ್ತು. ದೊಡ್ಡ ಬಾಗಿಲಿನ ರಿಮೋಟು ಮನೆಮುಂದೆ ನಿಂತ ಶಶಿಕಾಂತನ ಕಾರಿನಲ್ಲಿತ್ತು. ಕಾರಿಗೆ ಬೀಗವಿರಲಿಲ್ಲ. ಹೊರಗೆ ಇದ್ದವರು ಯಾರು ಬೇಕಾದರೂ ಒತ್ತಬಹುದಿತ್ತು. ಆದರೂ ಸಾಕ್ಷಿ ಸಾಲದೆಂದು ಪೊಲೀಸರು ಅವನನ್ನು ಮನೆಗೆ ಕಳಿಸಿದರು.

ಆ ಸಂಜೆ ನಾನು ಸ್ಮಿತಾಳ ಜೊತೆ ಅದೇ ಮನೆಯಲ್ಲಿದ್ದೆ. ಅವಳು ಫೋನಿನ ಆನ್ಸರಿಂಗ್ ಮೆಷೀನ್ ಒತ್ತಿದಳು. "ಇದನ್ನ ಕೇಳಿ ಆಂಟಿ. ಎರಡು ವಾರದಿಂದ ಬರ್ತಿದೆ. ಇವರಿಗೆ ಹೇಳಿದ್ರೆ ರಾಂಗ್ ನಂಬರ್ ಅಂತ ನಗ್ತಿದ್ರು."

ಟೇಪಿನಲ್ಲಿ ಮಾತಿರಲಿಲ್ಲ. ನೀರು ಬೀಳುವ ಸದ್ದು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ನಡುವೆ ಯಾರೋ ಉಸಿರಾಡುತ್ತಿದ್ದರು. ಕಿಟಕಿಯಾಚೆ ಹರಿಪ್ರಸಾದನ ಕಾರು ನಿಧಾನವಾಗಿ ಬಂದು, ನಿಲ್ಲದೆ ಮುಂದೆ ಹೋಯಿತು. ನಾನು ಎದ್ದು ಎಲ್ಲ ಬಾಗಿಲುಗಳ ಚಿಲಕ ನೋಡಿದೆ. ಧೀರಜ್ ನಮಗೆ ಕಾಫಿ ಮಾಡಿ ತಂದ. ಅವನೊಬ್ಬ ಮನೆಯಲ್ಲಿದ್ದಾನಲ್ಲ ಎಂದು ನನಗೆ ಎಷ್ಟೋ ಧೈರ್ಯವಾಯಿತು.

"ಹಾಸ್ಪಿಟಲ್‌ನಲ್ಲಿ ಭಾವನ ಜೊತೆ ನಾನಿರ್ತೀನಿ," ಎಂದು ಅವನು ಕೀಲಿಕೈ ಎತ್ತಿಕೊಂಡ.

ಅಷ್ಟರಲ್ಲಿ ಆಸ್ಪತ್ರೆಯಿಂದ ನೀಲಗಂಗಾರ ಫೋನು ಬಂತು. "ಯಾರೂ ಬರೂದು ಬ್ಯಾಡ. ಹೆಂಡತಿನೂ ಒಬ್ಬಾಕಿನ ಒಳಗ ಹೋಗೂಹಾಂಗಿಲ್ಲ ಅಂತ ನರ್ಸಿಗೆ ಹೇಳೇನಿ. ಬಾಗಲದಾಗ ನಾನ ಕುಂತೇನಿ." ಸ್ಮಿತಾಳನ್ನೂ ಅನುಮಾನಿಸುತ್ತಾರೆಯೇ ಎಂದು ನನಗೆ ದಿಗಿಲಾಯಿತು. ನಮ್ಮ ಜೊತೆ ಕೂತು ಅನ್ನ ಉಂಡವರಲ್ಲಿ ಒಬ್ಬರು ಆ ಹಗ್ಗ ಬಿಗಿದಿದ್ದರು. ಆ ಯೋಚನೆ ಬಂದಮೇಲೆ ಕಾಫಿಯನ್ನು ಹಾಗೇ ಬಿಟ್ಟು ಎದ್ದೆ.

ಭಾನುವಾರ ಬೆಳಿಗ್ಗೆ ನೀಲಗಂಗಾ ಬಂದವರೇ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಮಿಕ್ಸಿ ಹಾಕಿಸಿದರು. ತಾವು ಹೊರಗೆ ಹೋಗಿ ಬಂದರು.

"ಗ್ಯಾರೇಜ್ ಬಾಗಲ ಇಳಿದದ್ದು ಕೇಳಿಸ್ತೇನು?"

"ಇಲ್ಲವಲ್ಲ. ಇಳಿಸಿದಿರಾ?"

ಮಿಕ್ಸಿ ನಿಲ್ಲಿಸಿ ಮತ್ತೆ ಇಳಿಸಿದರು. ಈ ಸಲ ಅಡುಗೆಮನೆಯ ಲೋಟಗಳೆಲ್ಲ ಗಲಗಲ ಎಂದವು. ಆಮೇಲೆ ನನ್ನನ್ನು ಹೊರಗೆ ನಿಲ್ಲಿಸಿ ತಾವು ಮಿಕ್ಸಿ ಹಾಕಿದರು. ಹೊರಗೆ ಏನೂ ಕೇಳಿಸಲಿಲ್ಲ. ಅವರು ಮುಖ ಗಂಟಿಕ್ಕಿಕೊಂಡು, "ಎಲ್ಲಾರನ್ನೂ ಕರಿ," ಎಂದರು. "ಆ ಪೊಲೀಸ್‌ನವನನ್ನೂ."

ಮಧ್ಯಾಹ್ನ ನಾವೆಲ್ಲ ಅದೇ ಮೇಜಿನ ಸುತ್ತ ಕೂತೆವು. ಮ್ಯಾಪು ಹಾಗೇ ಹರಡಿತ್ತು. ಹರಿಪ್ರಸಾದ ತಲೆ ಎತ್ತಿರಲಿಲ್ಲ. ಧೀರಜ್ ಅಕ್ಕನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದ. ಪೊಲೀಸ್ ಅಧಿಕಾರಿ ಬಾಗಿಲ ಬಳಿ ನಿಂತ. ಅವನಿಗೆ ನಾನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

"ಹರಿಪ್ರಸಾದ, ನಿನ್ನೆ ಸಂಜಿಮುಂದ ಈ ಮನಿ ಮುಂದ ಯಾಕ ಬಂದಿದ್ದಿ?"

"ಶಶಿ ಹೇಗಿದಾನೆ ಅಂತ ಕೇಳೋಣ ಅಂತ ಬಂದೆ. ಒಳಗೆ ಬರೋಕೆ ಮುಖ ಇರಲಿಲ್ಲ."

"ಆ ಗಂಟು ನಿನಗ ಬರತೈತಿ. ಆದ್ರ ಇನ್ನೊಬ್ಬರಿಗೂ ಬರತಿದ್ದರ?" ಅವರು ಎಲ್ಲರ ಕಡೆಯೂ ನೋಡಿದರು. "ಮೊದಲ ಬಾಗಲದ ವಿಚಾರ. ಗ್ಯಾರೇಜ್ ಬಾಗಲ ಇಳಿದರ ಅಡಿಗಿಮನಿ ನಡಗತೈತಿ. ನಮಗ ಯಾಕ ಕೇಳಿಸ್ಲಿಲ್ಲ? ಮಿಕ್ಸಿ ನಡೆದಿತ್ತು. ಹೊರಗ ಇದ್ದ ಹರಿಪ್ರಸಾದಗ ಮಿಕ್ಸಿ ಯಾವಾಗ ನಡೀತೈತಿ ಅಂತ ಗೊತ್ತಾಗೂದು ಸಾಧ್ಯ ಇಲ್ಲ. ಹೊರಗ ಕೇಳಿಸೂದನ ಇಲ್ಲ. ನಸೀಬಲೆ ಹೊಂದಿಕೆ ಆಗಿರಬಹುದು ಅನ್ರಿ. ಆದ್ರ ಆ ಮಿಕ್ಸಿ ಹಾಕಿಸಿದಾಂವ ಒಬ್ಬ ಇದ್ದ. ಚಟ್ನಿ ಬೇಕು ಅಂತ ನಾವು ಕೇಳಿರಲಿಲ್ಲ."

ಸ್ಮಿತಾಳ ಹೆಗಲ ಮೇಲಿದ್ದ ಕೈ ಕೆಳಗಿಳಿಯಿತು.

"ಮಹಡಿ ಮ್ಯಾಲಿಂದ ಇಳದು, ಮುಂಬಾಗಲದಿಂದ ಹೊರಗ ಹೋದರ ಅಡಿಗಿಮನಿಯವರಿಗೆ ಕಾಣಸೂದಿಲ್ಲ. ಇನ್ನ ಲಾಕಿನ ಮಾತು. ಗಂಟು ಬಲ್ಲ ಹರಿಪ್ರಸಾದ ಹಗ್ಗ ಬಿಗೀಬೇಕು ಅಂದ. ಅಂದ್ರ ಅಂವ ಲಾಕ್ ಕಂಡಾಂವಲ್ಲ. ಕಟ್ಟಬಾರದು ಅಂತ ಧೀರಜ್ ಹೇಳಿದ. ಪುಸ್ತಕದಾಗ ಓದೇನಿ ಅಂದ." ಅವರು ಪುಸ್ತಕವನ್ನು ಮೇಜಿನ ನಡುವೆ ಇಟ್ಟರು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. "ಬಿಚ್ಚದ ಪುಸ್ತಕ ಹ್ಯಾಂಗ ಓದಿದಿ, ತಮ್ಮಾ?"

"ಬೇರೆ ಎಲ್ಲೋ ಓದಿರಬೇಕು ಆಂಟಿ. ನೆನಪಿಲ್ಲ."

"ಇರಲಿ. ಶಶಿಕಾಂತ ಲಾಕಿನ ಮುದುಕನ ನಂಬರು ಈ ಮ್ಯಾಪಿನ ಅಂಚಿಗೆ ಬರದಾನ. ಉಳಿದ ಹುಡುಗನ ಮುಖ ಅಂವಗ ನೆನಪೈತಂತ. ಕೇಳೋಣು."

ಅವರು ಸ್ಪೀಕರ್ ಫೋನ್ ಒತ್ತಿ ನಂಬರು ತಿರುಗಿಸಿದರು. ಕೋಣೆಯಲ್ಲಿ ರಿಂಗಿನ ಸದ್ದು ತುಂಬಿತು. ಒಂದು ಸಲ. ಮತ್ತೊಂದು ಸಲ. ಸ್ಮಿತಾ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅವನ ತುಟಿಗಳು ಬಣ್ಣ ಕಳೆದುಕೊಳ್ಳುತ್ತಿದ್ದವು.

"ಕಟ್ ಮಾಡಿ ಆಂಟಿ," ಎಂದ ಧೀರಜ್. "ದಯವಿಟ್ಟು ಕಟ್ ಮಾಡಿ."

ನೀಲಗಂಗಾ ಫೋನು ನಿಲ್ಲಿಸಿದರು. ಭಾನುವಾರ ಅಲ್ಲಿ ಫೋನು ಎತ್ತುವವರು ಇದ್ದರೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಆ ಮುದುಕನ ಜೊತೆ ಅವರು ಮಾತಾಡಿಯೇ ಇರಲಿಲ್ಲ. ಇದು ನನಗೆ ಆಮೇಲೆ ತಿಳಿಯಿತು.

"ಆದಿತ್ಯ ಈಜೋಕೆ ಹೋಗಿರಲಿಲ್ಲ," ಎಂದ ಧೀರಜ್. "ನಾವಿಬ್ರೂ ಬಾಡಿಗೆ ಬೋಟಲ್ಲಿ ಹೋಗಿದ್ವಿ. ಕಟ್ಟಬೇಡ ಅಂತ ಮೇಲಿಂದ ಮುದುಕ ಕೂಗ್ತಾನೇ ಇದ್ದ. ನಾನೇ ಎಂಟರ ಹಾಗೆ ಸುತ್ತಿ ಕಟ್ಟಿ, ಕೋಕ್ ತರೋಕೆ ಕ್ಯಾಬಿನ್ ಒಳಗೆ ಹೋದೆ. ಬೋಟ್ ವಾಲಿತು. ಆದಿತ್ಯ ಗೋಡೆಗೂ ಬೋಟಿಗೂ ಮಧ್ಯೆ..." ಅವನು ಕೈಗಳಲ್ಲಿ ಮುಖ ಮುಚ್ಚಿಕೊಂಡ. "ಇಲ್ಲಿ ಪೊಲೀಸರು ಆಕ್ಸಿಡೆಂಟ್ ಅಂತ ಬಿಟ್ಟರು. ಅವರ ಅಪ್ಪ ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ನಾನು ಅಲ್ಲಿ ಇರಲೇ ಇಲ್ಲ ಅಂದೆ. ಆಮೇಲೆ ಅವರು ನನ್ನನ್ನೇ ಮಗ ಅಂದ್ರು. ನಿಧಿ ನನ್ನ ನಂಬಿದ್ಲು."

"ಫೋನಿನಾಗ ನೀರಿನ ಸಪ್ಪಳ?"

"ನಮ್ಮ ಅಪಾರ್ಟ್‌ಮೆಂಟಿನ ಸಿಂಕ್. ಅಕ್ಕ ಹೆದರಿಕೊಂಡು ಟ್ರಿಪ್ ಕ್ಯಾನ್ಸಲ್ ಮಾಡಿಸ್ತಾಳೆ ಅನ್ಕೊಂಡೆ. ಭಾವ ಯಾವುದಕ್ಕೂ ಹೆದರಲ್ಲ. ನಾನು ಬರದೇ ಇದ್ರೂ ಅವರು ಹೋಗೋರು. ನಿಮ್ಮ ಥರದ ಇಬ್ಬರು ಇಂಡಿಯನ್ ಹುಡುಗರು ಅಂತ ಮುದುಕ ಹೇಳಿದ್ರೆ ಭಾವನಿಗೆ ಗೊತ್ತಾಗಿಬಿಡ್ತಿತ್ತು. ನಿನ್ನೆ ಊಟ ಆದ್ಮೇಲೆ ನಂಗೆ ಬೇರೇನೂ ಕಾಣಲಿಲ್ಲ."

"ಒಳಗಿಂದ ಅವರು ಬಾಗಿಲು ಬಡಿದಿದ್ದು ನಿಂಗೆ ಕೇಳಿಸ್ತಾ?" ಎಂದು ಸ್ಮಿತಾ ಕೇಳಿದಳು.

ಧೀರಜ್ ಮತ್ತೆ ಮುಖ ಮುಚ್ಚಿಕೊಂಡ. ಪೊಲೀಸ್ ಅಧಿಕಾರಿ ಅವನ ತೋಳು ಹಿಡಿದು ಎಬ್ಬಿಸಿದ. ಬಾಗಿಲ ಬಳಿ ಅವನು, "ಅಕ್ಕ, ನಿಧಿಗೆ..." ಎಂದು ತಿರುಗಿದ. ಸ್ಮಿತಾ ಮ್ಯಾಪು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಹರಿಪ್ರಸಾದ ಎದ್ದು ಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟ.

ಸೋಮವಾರ ಬೆಳಿಗ್ಗೆ ಶಶಿಕಾಂತನಿಗೆ ಎಚ್ಚರವಾಯಿತು. ಸ್ಮಿತಾ ಹಾಸಿಗೆಯ ಪಕ್ಕದಲ್ಲಿದ್ದಳು. ನಾನು ಮತ್ತು ನೀಲಗಂಗಾ ಕಾಲ ಬಳಿ ನಿಂತಿದ್ದೆವು. ಅವನು ಆಮ್ಲಜನಕದ ಮುಸುಕನ್ನು ತಾನೇ ಸರಿಸಿದ. ಮಾತು ತಡವರಿಸಿ ಬಂತು, ಊರ ಮಾತಿನಲ್ಲಿ.

"ಬಾಗಲ ಸಿಕ್ಕೊಂಡು ಬಿಟ್ಟಿತ್ತು. ಭಾಳ ಬಡದೆ. ಧೀರಜ್ ಅಲ್ಲೇ ಹೊರಗ ನಿಂತಿದ್ದ, ಸಣ್ಣ ಕಿಟಕ್ಯಾಗಿಂದ ಕಂಡ. ತಗೀಲಿಲ್ಲ." ಅವನ ಕಣ್ಣುಗಳಲ್ಲಿ ಭಯ ತುಂಬಿತ್ತು. "ಹೊಗಿಗೆ ಅಂವನೂ ಬಿದ್ದಾನ ಅಂತ ತಿಳದೆ. ಅಂವ ಉಳಿದನೇನು, ಸ್ಮಿತಾ? ಹುಡುಗಗ ಏನೂ ಆಗಿಲ್ಲಲ್ಲ?"

ಸ್ಮಿತಾ ಅವನ ಪಟ್ಟಿ ಕಟ್ಟಿದ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಏನೂ ಆಗಿಲ್ಲ," ಎಂದಳು. "ನೀವು ಮಲಗಿ."